ಬಿಸಿಲಿಗೆ ಹಾಕಿದ ಹೆಸರು

ಸಿದ್ರಾ, 14 ಸೆಪ್ಟೆಂಬರ್ 2014

ಮಗು ಥಾಮಿರ್,

ನಿನಗೆ ಶಾಂತಿ ಇರಲಿ. ಫೋನಿನ ಗೋಪುರವನ್ನು ಕಪ್ಪು ಬಾವುಟದವರು ಉರುಳಿಸಿ ಹನ್ನೆರಡು ದಿನವಾಯಿತು, ಅದಕ್ಕೇ ಈ ಕಾಗದ. ನನಗೆ ಮೂವತ್ತನಾಲ್ಕು ವರ್ಷವಿದ್ದಾಗ ಪೊಲೀಸಿನವನೊಬ್ಬ ಬಂದು ಊರಿನ ಹೆಂಗಸರನ್ನೆಲ್ಲ ಅಕ್ಷರ ಶಾಲೆಗೆ ಅಟ್ಟಿದ್ದ. ಅವತ್ತು ಅವನ ಏಳು ತಲೆಮಾರನ್ನೂ ಬೈದಿದ್ದೆ. ಈಗ ಅವನ ಗೋರಿ ತಂಪಾಗಿರಲಿ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ನಿನ್ನದೇನೂ ಮುತ್ತು ಪೋಣಿಸಿದ ಹಾಗಿಲ್ಲ. ಹದಿನೈದು ದಿನಕ್ಕೊಮ್ಮೆ ರೋಗಿಗಳನ್ನು ತುಂಬಿಕೊಂಡು ಬಾಗ್ದಾದಿನ ಆಸ್ಪತ್ರೆಗೆ ಹೋಗುವ ಹಮ್ಮಾದಿಯ ವ್ಯಾನೇ ಇನ್ನು ನಮ್ಮ ಅಂಚೆ.

ಎಲ್ಲರ ಸರ್ಕಾರ ಬಂದಿದೆಯಂತೆ. ನಮ್ಮ ಕಡೆಯವರಿಗೂ ಕುರ್ಚಿ ಕೊಟ್ಟಿದ್ದಾರಂತೆ, ಅದರಲ್ಲೊಂದರ ಮೇಲೆ ನೀನು ಕೂತಿದ್ದೀಯಂತೆ. ಶೇಖ್ ದಹಾಮ್ ದಿವಾನಖಾನೆಯಲ್ಲಿ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಕೂತಿದ್ದವನು, "ನೌಫಕ್ಕಾ, ನಿನ್ನ ಮೊಮ್ಮಗ ಈಗ ಸರ್ಕಾರ ಕಣಮ್ಮಾ" ಎಂದ. "ಹಂಗಾದ್ರೆ ಅವನ್ನ ಬೈಯೋಕೆ ನಂಗೆ ಇನ್ನೊಂದು ಕಾರಣ ಸಿಕ್ತು ಬಿಡು" ಎಂದೆ. ಎಲ್ಲರೂ ನಕ್ಕರು. ಈ ಊರಿನಲ್ಲಿ ಗಂಡಸರು ನಕ್ಕು ಬಹಳ ದಿನವಾಗಿತ್ತು.

ಹೊಳೆಯ ಆಚೆ ದಡ ಪೂರ್ತಿ ಕಪ್ಪು ಬಾವುಟದವರದು. ಈಚೆಗೆ ನಲವತ್ತಾರು ಗಂಡಸರು, ಅಜ್ಜಂದಿರ ಕಾಲದ ಬಂದೂಕುಗಳು. ಕಾಲುವೆಯ ಬಾಯಲ್ಲಿ ಪಂಪ್‌ಮನೆ ಇದೆಯಲ್ಲ, ಅದನ್ನು ಬರ್ಜಸ್ ಮತ್ತು ಅವನ ಮನೆಯ ಹತ್ತು ಜನ ಕಾಯುತ್ತಿದ್ದಾರೆ. ಹೊಳೆಯಲ್ಲಿ ಕಾಲಿಟ್ಟು ನಡೆದು ದಾಟಬಹುದಾದ ಜಾಗ ಅದೊಂದೇ. ಆಗಸ್ಟ್‌ನಲ್ಲಿ ಕಪ್ಪು ಬಾವುಟದವರು ಬರ್ಜಸ್‌ನ ತಮ್ಮ ನಾಯಿಫ್‌ನನ್ನು ದೋಣಿಯಿಂದ ಇಳಿಸಿ ಕೊಂದರು. ಅಂದಿನಿಂದ ಅವನು ಪಂಪ್‌ಮನೆ ಬಿಟ್ಟು ಮನೆಗೆ ಬಂದಿಲ್ಲ, ಅವನ ತಾಯಿ ತುರ್ಫಾ ಅಲ್ಲಿಗೇ ರೊಟ್ಟಿ ಹೊರುತ್ತಾಳೆ.

ನಿನ್ನ ತಮ್ಮನ ಹೆಸರನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಮುನೀಫ್ ಹೊಳೆ ದಾಟಿ ಆ ಕಡೆ ಸೇರಿಕೊಂಡು ಎಂಟು ತಿಂಗಳಾಯಿತು. ಅಲ್ಲಿ ಅವರ ಪಂಪು, ಜನರೇಟರು ರಿಪೇರಿ ಮಾಡುತ್ತಾನಂತೆ, ಬಂದೂಕು ಮುಟ್ಟಿಲ್ಲವಂತೆ. ಅಂತೆ. ಹಿಂದೆ ಆಳಿದವರು ಯಾವನೋ ಬೇರೆ ಮುನೀಫನೆಂದು ಅವನನ್ನು ಹಿಡಿದು ಹನ್ನೊಂದು ತಿಂಗಳು ಇಟ್ಟುಕೊಂಡು, ಬೆರಳಿನ ಉಗುರು ಕಿತ್ತು ಕಳಿಸಿದರು. ನೀನು ವಕೀಲ, ಅರ್ಜಿ ಬರೆದೆ, ಬರೆಯುತ್ತಲೇ ಇದ್ದೆ. ತಪ್ಪು ಹೇಳುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ.

ಅಂಥ ಹುಡುಗರು ವಾಪಸ್ಸು ಬಂದರೆ ನಿನ್ನ ಎಲ್ಲರ ಸರ್ಕಾರ ಏನು ಮಾಡುತ್ತದೆ? ಸುಮ್ಮನೆ ಕೇಳಿದೆ.

ನಿನ್ನ ಅಜ್ಜಿ,
ನೌಫಾ


ಬಾಗ್ದಾದ್, 28 ಸೆಪ್ಟೆಂಬರ್ 2014

ಪ್ರೀತಿಯ ಅಜ್ಜಿಗೆ,

ನಿಮ್ಮ ಕೈಗಳಿಗೆ ಮುತ್ತು. ನಿಮ್ಮ ಅಕ್ಷರ ಸೊಟ್ಟಗಿಲ್ಲ, ನಾಲಿಗೆಯಷ್ಟೇ ನೇರವಾಗಿದೆ.

ಕುರ್ಚಿ ಸಿಕ್ಕಿರುವುದು ನಿಜ, ಆದರೆ ಅದರ ಒಂದು ಕಾಲನ್ನು ಸದಾ ಯಾರಾದರೂ ಹಿಡಿದು ಎಳೆಯುತ್ತಿರುತ್ತಾರೆ. ನಾನಿರುವ ಸಮಿತಿಯ ಕೆಲಸ ಊರ ಕಾವಲು ದಳವನ್ನು ಕಟ್ಟುವುದು. ಪ್ರತಿ ಊರಿನವರೇ ತಮ್ಮ ಊರನ್ನು ಕಾಯುವುದು, ಅವರಿಗೆ ಸರ್ಕಾರವೇ ಹೊಸ ರೈಫಲ್ ಮತ್ತು ಮಾನ್ಯತೆ ಕೊಡುವುದು. ಬಂಡುಕೋರರನ್ನು ಸೈನ್ಯವೊಂದೇ ಸೋಲಿಸಲಾರದು, ನಮ್ಮ ಜನಕ್ಕೂ ಈ ಸರ್ಕಾರ ತಮ್ಮದು ಎನ್ನಿಸಬೇಕು. ಇದನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹತ್ತು ಸಲವೂ ಮೇಜಿನ ಆ ಬದಿಯಿಂದ ಒಂದೇ ಉತ್ತರ: "ನಿನ್ನ ಸ್ವಂತ ತಮ್ಮನೇ ಆಚೆ ಇದಾನಲ್ಲಪ್ಪಾ ವಕೀಲ. ನಿಮ್ಮೋರಿಗೆ ಕೊಟ್ಟ ರೈಫಲ್ ನಾಳೆ ಯಾರ ಕೈಗೆ ಹೋಗುತ್ತೆ?"

ಅಜ್ಜಿ, ಅವರ ಬಾಯಿ ಮುಚ್ಚಿಸಲು ಒಂದೇ ದಾರಿ. ಮುನೀಫ್ ನಮ್ಮವನಲ್ಲ ಎಂದು ಕುಲದಿಂದ ಒಂದು ಕಾಗದ ಬೇಕು. ಶೇಖ್ ದಹಾಮ್ ಸಹಿ ಮಾಡಬೇಕು, ಹತ್ತಿರದ ರಕ್ತಸಂಬಂಧಿಯ ಗುರುತೂ ಬೇಕು. ಅಪ್ಪ ಅಮ್ಮ ಇಲ್ಲ. ನನ್ನ ಗುರುತನ್ನು ಅವರು ಒಪ್ಪುವುದಿಲ್ಲ, ಲಾಭ ಪಡೆಯುವವನು ಎನ್ನುತ್ತಾರೆ. ಹಾಗಾಗಿ ನೀವೇ.

ಇದು ಬರೀ ಕಾಗದ. ಪಟ್ಟಿಗೆ ಒಪ್ಪಿಗೆ ಸಿಕ್ಕಿದ ತಿಂಗಳೊಳಗೆ ಅದನ್ನು ರದ್ದು ಮಾಡಿಸುತ್ತೇನೆ. ಮಾತು ಕೊಡುತ್ತೇನೆ. ಕಾವಲು ದಳಕ್ಕೆ ಹೆಸರುಗಳನ್ನೂ ಕಳಿಸಿ.

ನಿಮ್ಮ
ಥಾಮಿರ್


ಸಿದ್ರಾ, 12 ಅಕ್ಟೋಬರ್ 2014

ಥಾಮಿರ್,

ಬಾಗ್ದಾದಿನಲ್ಲಿ ಕಾಗದ ಅಂದರೆ ಕಾಗದ. ಇಲ್ಲಿ ಅದನ್ನು ಓದುತ್ತಾರೆ. ನೀನು ಈ ಮಣ್ಣಿನಲ್ಲೇ ಬಿದ್ದು ಎದ್ದವನು, ಮರೆತೆಯೋ ಅಥವಾ ಮರೆತವನ ಹಾಗೆ ಬರೆದೆಯೋ ತಿಳಿಯದು. ಕುಲದವರು ಒಬ್ಬನನ್ನು ಬಿಸಿಲಿಗೆ ಹಾಕಿದರೆಂದರೆ ಅವನ ತಲೆಯ ಮೇಲಿನ ನೆರಳನ್ನು ತೆಗೆದರೆಂದು ಅರ್ಥ. ಅವನು ಕೊಂದರೆ ನಾವು ಉತ್ತರ ಹೇಳಬೇಕಿಲ್ಲ. ಅವನನ್ನು ಕೊಂದರೆ ನಮಗೆ ಯಾರೂ ಉತ್ತರ ಹೇಳಬೇಕಿಲ್ಲ. ಬೀದಿ ನಾಯಿಗೂ ಅಷ್ಟು ಅಗ್ಗದ ಸಾವು ಇರುವುದಿಲ್ಲ.

ನಾನೇ ದಿವಾನಖಾನೆಗೆ ಹೋದೆ. ಈ ವಯಸ್ಸಿಗೆ ನನ್ನನ್ನು ತಡೆಯುವವರು ಯಾರಿದ್ದಾರೆ. ದಹಾಮ್ ಎದ್ದು ಜಾಗ ಕೊಟ್ಟು ಕಾಫಿ ಬಗ್ಗಿಸಿದ. ನಾನು ಬಟ್ಟಲನ್ನು ನೆಲದ ಮೇಲಿಟ್ಟೆ. ಬೇಡಿಕೆ ಹೊತ್ತು ಬಂದವರು ಅದು ಈಡೇರುವ ತನಕ ಕುಡಿಯುವುದಿಲ್ಲವಲ್ಲ, ಎಲ್ಲರಿಗೂ ತಿಳಿಯಿತು.

"ಕೇಳಕ್ಕಾ" ಎಂದ ದಹಾಮ್.

"ಗುರುತು ಹಾಕ್ತೀನಿ. ಬಾಗ್ದಾದಿಗೆ ಕಳ್ಸು. ಆದ್ರೆ ಇಲ್ಲಿ ಓದ್ಬೇಡ."

ಅವನು ಬಹಳ ಹೊತ್ತು ಜಪಮಣಿ ಎಣಿಸಿದ. ಗೋಡೆಗೆ ಒರಗಿ ಬರ್ಜಸ್ ಕೂತಿದ್ದ. ಆಗಸ್ಟ್‌ನಿಂದ ಮೊದಲ ಸಲ ಪಂಪ್‌ಮನೆ ಬಿಟ್ಟು ಬಂದಿದ್ದ, ಇದಕ್ಕಾಗಿಯೇ. ದಹಾಮ್ ಅವನ ಕಡೆ ನೋಡಲೂ ಇಲ್ಲ, ಆದರೆ ಉತ್ತರ ಕೊಟ್ಟದ್ದು ಅವನಿಗೇ ಎಂಬಂತಿತ್ತು.

"ಓದದೇ ಇದ್ರೆ ಅದು ಸುಳ್ಳಾಗುತ್ತೆ ನೌಫಕ್ಕಾ. ಸುಳ್ಳು ಕಾಗದಕ್ಕೆ ನಾನು ಮೊಹರು ಒತ್ತಲ್ಲ. ನಾಯಿಫ್ ಸತ್ತು ಇನ್ನೂ ಎರಡು ತಿಂಗಳು."

ಆ ದಿವಾನಖಾನೆಯಿಂದ ತುಂಬಿದ ಬಟ್ಟಲು ಹಾಗೇ ವಾಪಸ್ಸು ಹೋದದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕಂಡೆ.

ನನಗೆ ಹೆಸರು ಬರೆಯಲು ಬರುತ್ತದೆ. ಆದರೂ ಹೆಬ್ಬೆಟ್ಟು ಒತ್ತಿದೆ. ಕಲಿತ ಅಕ್ಷರವನ್ನು ಅದಕ್ಕೆ ಹಾಳುಮಾಡಲು ಮನಸ್ಸಾಗಲಿಲ್ಲ. ಮೂರು ಶುಕ್ರವಾರ ಓದಬೇಕು, ಒಂದು ಆಗಿದೆ. ಯಾಕೆ ಒತ್ತಿದೆ ಎಂದು ಕೇಳುತ್ತೀಯಾ? ನಲವತ್ತಾರು ಗಂಡಸರ ಹಿಂದೆ ಇನ್ನೂರು ಹೆಂಗಸರು ಮಕ್ಕಳಿದ್ದಾರೆ. ನನ್ನ ಒಬ್ಬ ಮೊಮ್ಮಗನ ತೂಕ ಅವರೆಲ್ಲರಿಗಿಂತ ಹೆಚ್ಚೆಂದು ಅವರ ಮುಖ ನೋಡಿ ಹೇಳಲು ನನ್ನಂಥ ಬಾಯಿಬಡುಕಿಗೂ ಆಗಲಿಲ್ಲ.

ಪಟ್ಟಿ ಇದರ ಜೊತೆಗಿದೆ. ಮೊದಲ ಹೆಸರು ಬರ್ಜಸ್. ಚಿಕ್ಕಂದಿನಲ್ಲಿ ನಿನ್ನ ಹಲ್ಲು ಮುರಿದ ಎಂದು ಕೆಳಗೆ ತಳ್ಳಬೇಡ. ಅವನ ಗುರಿ ತಪ್ಪುವುದಿಲ್ಲ.

ತಿಂಗಳೆಂದೆ. ನಾನು ದಿನ ಎಣಿಸುತ್ತೇನೆ.

ನೌಫಾ


ಬಾಗ್ದಾದ್, 2 ನವೆಂಬರ್ 2014

ಪ್ರೀತಿಯ ಅಜ್ಜಿಗೆ,

ನಿಮ್ಮ ಕೋಪ ನ್ಯಾಯವಾದದ್ದು. ಆದರೆ ನಿಮ್ಮ ಹೆಬ್ಬೆಟ್ಟು ಇಲ್ಲಿ ಏನು ಮಾಡಿತೆಂದು ನೀವು ನೋಡಬೇಕಿತ್ತು. ಆ ಕಾಗದವನ್ನು ಮೇಜಿನ ಮೇಲಿಟ್ಟಾಗ ಎದುರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ರಾದ ಹೆಸರು ಮೊದಲ ಪಟ್ಟಿಗೆ ಸೇರಿತು. ನಲವತ್ತಾರೂ ಹೆಸರು, ಬರ್ಜಸ್‌ನದೇ ಮೊದಲು.

ಇನ್ನೂ ಒಳ್ಳೆಯ ಸುದ್ದಿಯಿದೆ. ಪತ್ರಿಕೆಯಿಂದ ಕತ್ತರಿಸಿದ ತುಂಡನ್ನು ಇದರೊಂದಿಗೆ ಇಟ್ಟಿದ್ದೇನೆ. ರಕ್ತ ಮಾಡದೆ ಆಚೆ ಹೋದವರು ವರ್ಷ ಮುಗಿಯುವುದರೊಳಗೆ ಬಂದು ಊರ ಹಿರಿಯರಿಗೆ ಶರಣಾದರೆ ಅವರಿಗೆ ಕ್ಷಮೆ. ಈ ಆದೇಶಕ್ಕಾಗಿ ಆರು ವಾರ ಜಗಳವಾಡಿದ್ದೇವೆ. ಅದರ ಎರಡು ವಾಕ್ಯಗಳನ್ನು ನಾನೇ ಬರೆದೆ. ನನ್ನ ಜೀವನದಲ್ಲಿ ಮಾಡಿದ ಒಂದು ದೊಡ್ಡ ಕೆಲಸ ಇದೇ ಇರಬೇಕು.

ರದ್ದತಿ ಸ್ವಲ್ಪ ತಡವಾಗಬಹುದು. ಮೊದಲು ರೈಫಲ್ ಹೊರಡಲಿ, ಈಗಲೇ ಆ ವಿಷಯ ಎತ್ತಿದರೆ ಎಲ್ಲ ಕೆಡುತ್ತದೆ.

ಒಂದು ಎಚ್ಚರಿಕೆ. ಕಾಗದಗಳನ್ನು ದಾರಿಯಲ್ಲಿ ತೆರೆದು ಓದುತ್ತಾರೆ. ಅವನ ಬಗ್ಗೆ ಏನಾದರೂ ತಿಳಿದಿದ್ದರೂ ಬರೆಯಬೇಡಿ.

ನಿಮ್ಮ
ಥಾಮಿರ್


ಸಿದ್ರಾ, 19 ನವೆಂಬರ್ 2014

ಕಂದಾ,

ಹಮ್ಮಾದಿ ಇಂಜಿನ್ ಚಾಲೂ ಮಾಡಿ ಹಾರ್ನ್ ಒತ್ತುತ್ತಿದ್ದಾನೆ, ಆದ್ದರಿಂದ ಚಿಕ್ಕದಾಗಿ.

ನಿನ್ನ ಎರಡು ವಾಕ್ಯ ಯಾವುದೆಂದು ಗೊತ್ತಾಗಲಿಲ್ಲ, ಆದರೆ ಎಲ್ಲವನ್ನೂ ಏಳು ಸಲ ಓದಿದೆ. ಬಾಯಿಪಾಠವಾಗಿದೆ. ಕೇಳಬೇಕಾದವರಿಗೆ ಕೇಳಿಸಬೇಕಾದ ವ್ಯವಸ್ಥೆಯನ್ನೂ ಮಾಡಿದ್ದೇನೆ. ಏನೂ ಬರೆಯಬೇಡ ಎಂದೆಯಲ್ಲ, ಬರೆಯುವುದಿಲ್ಲ.

ಉಣ್ಣೆಯ ಹಾಸಿಗೆ ಬಿಚ್ಚಿ, ತೊಳೆದು, ಬಡಿದು, ಮತ್ತೆ ಹೊಲಿದೆ. ಚಳಿಗಾಲಕ್ಕೆ ಮನೆಯಲ್ಲಿ ಇನ್ನೊಂದು ಹಾಸಿಗೆ ಬೇಕಾಗಬಹುದು. ಖರ್ಜೂರದ ಪಾಕ ಎರಡು ಜಾಡಿ ಇಳಿಸಿದ್ದೇನೆ. ಸೊಂಟ ನೋಯುತ್ತಿಲ್ಲ. ನಿನ್ನನ್ನು ಬೈಯಲು ಇವತ್ತು ಮನಸ್ಸಾಗುತ್ತಿಲ್ಲ, ದಾಖಲಿಸಿಕೋ.

ಅಜ್ಜಿ


ಬಾಗ್ದಾದ್, 30 ನವೆಂಬರ್ 2014

ಪ್ರೀತಿಯ ಅಜ್ಜಿಗೆ,

ನಿಮ್ಮ ಕಾಗದ ಓದಿ ಇಡೀ ದಿನ ಒಬ್ಬನೇ ನಗುತ್ತಿದ್ದೆ. ನನಗಾಗಿ ಹಾಸಿಗೆ ಹೊಲಿದಿರಾ? ಇನ್ನು ಸ್ವಲ್ಪ ಕಾಯಿರಿ, ರೈಫಲ್‌ಗಳ ಲಾರಿಯ ಜೊತೆ ನಾನೂ ಬರಬೇಕೆಂದಿದ್ದೇನೆ. ಕಾವಲು ದಳದ ಕಾನೂನು ಇನ್ನೂ ಪಾಸಾಗಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತಾಗಿದೆ ನಮ್ಮ ಕೆಲಸ. ಆದರೂ ಮೊದಲ ಪಟ್ಟಿಯ ಊರುಗಳಿಗೆ ಮುಂಚಿತವಾಗಿಯೇ ಕಳಿಸಲು ಒಪ್ಪಿಸಿದ್ದೇವೆ.

ಇನ್ನೊಂದು ವಿಷಯ. ನೀವು ಕ್ಷಮೆಯ ಆದೇಶವನ್ನು ಊರಿನವರಿಗೆ ಓದಿ ಹೇಳುತ್ತಿರುವಂತಿದೆ, ಆದ್ದರಿಂದ ತಿಳಿಸುತ್ತಿದ್ದೇನೆ. ಸ್ಥಳವಿಲ್ಲವೆಂದು ಪತ್ರಿಕೆಯವರು ಒಂದು ಸಾಲನ್ನು ಬಿಟ್ಟಿದ್ದರು. ಕುಲದಿಂದ ಹೊರಹಾಕಲ್ಪಟ್ಟವರಿಗೆ ಈ ಕ್ಷಮೆ ಅನ್ವಯಿಸುವುದಿಲ್ಲ, ಏಕೆಂದರೆ ಅವರಿಗೆ ಜಾಮೀನು ನಿಲ್ಲುವವರು ಇರುವುದಿಲ್ಲ. ನಮಗೆ ಅದರಿಂದ ತೊಂದರೆಯಿಲ್ಲ. ಅವನು ಬರುವವನಲ್ಲ, ನನಗೆ ಅವನ ಹಟ ಗೊತ್ತು. ಬರುವ ಹೊತ್ತಿಗೆ ನಾನು ರದ್ದತಿ ಮಾಡಿಸಿರುತ್ತೇನೆ.

ನಿಮ್ಮ
ಥಾಮಿರ್


ಸಿದ್ರಾ, 22 ಡಿಸೆಂಬರ್ 2014

ಥಾಮಿರ್,

ರಸ್ತೆ ಮೂರು ವಾರ ಮುಚ್ಚಿತ್ತು. ನಿನ್ನ ನವೆಂಬರ್ 30ರ ಕಾಗದ ಮೊನ್ನೆ ಬಂತು. ಓದಿದೆ.

14ರಂದು ಮಧ್ಯಾಹ್ನ ಕಪ್ಪು ಬಾವುಟದವರು ಪಂಪ್‌ಮನೆಯ ಮೇಲೆ ಬಿದ್ದರು. ಸಂಜೆಯವರೆಗೆ ನಡೆಯಿತು. ನಮ್ಮವರು ಮೂರು ಜನ ಹೋದರು, ಅದರಲ್ಲೊಬ್ಬ ಬರ್ಜಸ್‌ನ ಚಿಕ್ಕಪ್ಪನ ಮಗ. ಪಂಪ್‌ಮನೆ ನಮ್ಮಲ್ಲೇ ಉಳಿದಿದೆ. ಬರ್ಜಸ್‌ನ ಮನೆಯವರು ಅಲ್ಲಿ ಇಲ್ಲದಿದ್ದರೆ ಇವತ್ತು ಈ ಕಾಗದ ಬರೆಯಲು ಸಿದ್ರಾದಲ್ಲಿ ಯಾರೂ ಇರುತ್ತಿರಲಿಲ್ಲ. ಇದನ್ನು ಹೇಳಲೇಬೇಕು, ಹೇಳಿದ್ದೇನೆ.

ಒಬ್ಬೊಬ್ಬರ ಹತ್ತಿರ ಇನ್ನು ಒಂಬತ್ತು ಹತ್ತು ಗುಂಡುಗಳಿವೆ. ರೈಫಲ್ ಯಾವಾಗ ಬರುತ್ತದೆ? ಬೇರೇನನ್ನೂ ಬರೆಯಬೇಡ, ಅದನ್ನು ಮಾತ್ರ ಬರೆ.

ಹಾಸಿಗೆಯ ವಿಷಯ ಬಿಡು. ಗಾಯಗೊಂಡವರಿಗೆ ಕೊಟ್ಟೆ.

ನೌಫಾ


ಬಾಗ್ದಾದ್, 8 ಜನವರಿ 2015

ಪ್ರೀತಿಯ ಅಜ್ಜಿಗೆ,

ಲಾರಿ 20ಕ್ಕೆ ಹೊರಡುತ್ತದೆ. ಅರವತ್ತು ರೈಫಲ್, ಎರಡು ದೊಡ್ಡ ಬಂದೂಕು, ಸಾಕಷ್ಟು ಗುಂಡು. ಆದೇಶದ ಪ್ರತಿ ನನ್ನ ಕೈಯಲ್ಲಿದೆ. ಅದು ಕೈಗೆ ಬಂದ ದಿನ ಸಮಿತಿಯ ಕೋಣೆಯಲ್ಲಿ, ಇಷ್ಟು ದಿನ ನನ್ನ ಕುರ್ಚಿಯ ಕಾಲನ್ನು ಎಳೆದವನೇ ಎದ್ದು ಬಂದು ನನ್ನ ಭುಜ ತಟ್ಟಿ, "ನಿಮ್ಮೂರಿನೋರು ನಮ್ಮ ಊರನ್ನೂ ಉಳಿಸಿದ್ರು ಕಣಯ್ಯ" ಎಂದ. ಪಂಪ್‌ಮನೆಯ ಸುದ್ದಿ ಇಲ್ಲಿಯವರೆಗೂ ಬಂದಿದೆ. ಎಲ್ಲರ ಸರ್ಕಾರ ಎಂಬುದು ಇದೇ ಇರಬಹುದು ಅಜ್ಜಿ, ಒಂದು ಕೋಣೆ, ಅದರೊಳಗೆ ಮೊದಲ ಸಲ ಯಾರೋ ಎದ್ದು ಬಂದು ಭುಜ ತಟ್ಟುವುದು.

ನಿಮ್ಮ ಕಾಗದದಲ್ಲಿ ರದ್ದತಿಯ ಮಾತೇ ಇರಲಿಲ್ಲ. ಇದು ಎರಡನೆಯ ಸಲ. ನನ್ನನ್ನು ಕ್ಷಮಿಸಿದಿರೆಂದು ತಿಳಿದಿದ್ದೇನೆ. ನೀವು ಕೇಳದಿದ್ದರೂ ನಾನು ಮರೆತಿಲ್ಲ, ಅರ್ಜಿ ನ್ಯಾಯಾಧೀಶರ ಮುಂದಿದೆ.

ನಿಮ್ಮ
ಥಾಮಿರ್


ಸಿದ್ರಾ, 3 ಫೆಬ್ರವರಿ 2015

ಥಾಮಿರ್,

ರೈಫಲ್ ಬಂದವು. ಹಂಚಿ ಆಯಿತು. ಈಗ ಹೇಳಬಹುದು. ಕೂತುಕೊಂಡು ಓದು.

ಮುನೀಫ್ ಇಲ್ಲ. ಡಿಸೆಂಬರ್ 9ರಂದು ಹೋದ.

ನಿನ್ನ ಪತ್ರಿಕೆಯ ತುಂಡನ್ನು ಎರಡೂ ದಡಕ್ಕೆ ಓಡಾಡುವ ಮೊಸರು ಮಾರುವವಳೊಬ್ಬಳ ಕೈಯಲ್ಲಿ ಅವನಿಗೆ ಕಳಿಸಿದ್ದೆ. ನೀನು ಬರೆಯಬೇಡ ಎಂದಿದ್ದಕ್ಕೆ ನಿನಗೆ ಬರೆಯಲಿಲ್ಲ. ಸೆಪ್ಟೆಂಬರ್‌ನಲ್ಲೇ ಅವಳ ಮೂಲಕ ಅವನು ಕೇಳಿ ಕಳಿಸಿದ್ದ, ಮನೆಗೆ ಬರಬಹುದಾ ಅಜ್ಜಿ ಎಂದು. ನಾನು ನಿನ್ನನ್ನು ಸುಮ್ಮನೆ ಕೇಳಿದೆ ಎಂದೆನಲ್ಲ, ಸುಮ್ಮನೆ ಕೇಳಿದ್ದಲ್ಲ. ಕ್ಷಮೆ ಬಂದ ಮೇಲೆ ಹೇಳಿ ಕಳಿಸಿದೆ: ಕತ್ತಲಲ್ಲಿ ಕಳ್ಳನ ಹಾಗೆ ಬರಬೇಡ, ಮಟಮಟ ಮಧ್ಯಾಹ್ನ ಬಾ, ಪಂಪ್‌ಮನೆಯ ಎದುರಿನಿಂದಲೇ ಬಾ, ಎಲ್ಲರಿಗೂ ಕಾಣಲಿ. ಸರ್ಕಾರ ಕ್ಷಮಿಸಿದವನನ್ನು ಊರು ಕ್ಷಮಿಸದೆ ಇರುತ್ತದೆಯೇ ಎಂದುಕೊಂಡಿದ್ದೆ. ಮೂರು ಶುಕ್ರವಾರ ಓದಿದ್ದನ್ನು ಒಂದು ಪತ್ರಿಕೆಯ ತುಂಡು ಅಳಿಸಿಬಿಡುತ್ತದೆ ಎಂದು ಈ ಎಪ್ಪತ್ತು ವರ್ಷದ ಕತ್ತೆ ನಂಬಿದಳು.

ಬನಿಯನ್ನನ್ನು ಜೊಂಡಿನ ಕಡ್ಡಿಗೆ ಕಟ್ಟಿ ಎತ್ತಿ ಹಿಡಿದು ಬಂದ. ಇನ್ನೊಂದು ಕೈಯಲ್ಲಿ ಪತ್ರಿಕೆಯ ತುಂಡು. ನೀರು ತೊಡೆಯವರೆಗಿತ್ತು. ನಾನು ದಡದಲ್ಲಿದ್ದೆ. ಅವನು ನನ್ನನ್ನು ನೋಡಿದ. ನಕ್ಕನೋ ಇಲ್ಲವೋ ಹೇಳಲಾರೆ, ಬಿಸಿಲು ನೀರಿನ ಮೇಲಿತ್ತು.

ಒಂದೇ ಗುಂಡು. ಅವನ ಗುರಿ ತಪ್ಪುವುದಿಲ್ಲ ಎಂದು ನಿನಗೆ ಬರೆದವಳು ನಾನೇ.

ಬರ್ಜಸ್ ಓಡಿಹೋಗಲಿಲ್ಲ. ಅವನೇ ನೀರಿಗಿಳಿದು ಎಳೆದು ತಂದ. ನನ್ನ ಮುಂದೆ ನಿಂತು, "ಗುರುತು ಸಿಗ್ಲಿಲ್ಲ ಅಂತ ಸುಳ್ಳು ಹೇಳಲ್ಲ ಅಜ್ಜಿ. ಸಿಕ್ತು. ಅವನು ಬಿಸಿಲಲ್ಲಿದ್ದ. ನನ್ನ ತಮ್ಮ ಮಣ್ಣಲ್ಲಿದಾನೆ" ಎಂದ.

ಊರಿನವರೆಲ್ಲ ಕಾಯುತ್ತಿದ್ದರು, ಈ ಮುದುಕಿ ಏನು ಶಾಪ ಹಾಕುತ್ತಾಳೋ ಎಂದು. ಏನೂ ಬರಲಿಲ್ಲ.

ಬಿಸಿಲಿಗೆ ಹಾಕಿದವನಿಗೆ ಶೋಕದ ಡೇರೆ ಇಲ್ಲ, ಹೆಗಲು ಕೊಡುವವರಿಲ್ಲ. ನಮ್ಮ ಮನೆತನದ ಜಾಗದಲ್ಲಿ ಹೂಳಿದರೆ ವಾಪಸ್ಸು ತೆಗೆದುಕೊಂಡ ಹಾಗಾಗುತ್ತದೆ ಎಂದು ದಹಾಮ್ ಹೇಳಿದ. ಹೇಳುವಾಗ ಅವನು ಕಣ್ಣೊರೆಸಿಕೊಂಡ, ಅದನ್ನೂ ಬರೆಯಬೇಕು. ನಾನೇ ತೊಳೆದೆ. ನೀರು ಹೊಯ್ದವಳು ತುರ್ಫಾ, ಬರ್ಜಸ್‌ನ ತಾಯಿ. ಕರೆದಿರಲಿಲ್ಲ, ತಾನೇ ಬಂದಳು. ಬೆರಳುಗಳಲ್ಲಿ ಉಗುರು ಮತ್ತೆ ಬಂದಿದ್ದವು. ಸೊಟ್ಟಗೆ, ತೆಳ್ಳಗೆ. ಕಾಲುವೆಯ ಏರಿಯ ಕೆಳಗೆ ಮಲಗಿಸಿದೆವು.

ಐದು ದಿನದ ಮೇಲೆ ದಾಳಿಯಾಯಿತು. ಆಗ ನಿನಗೆ ಹೇಳಿದ್ದರೆ ನೀನು ಕುರ್ಚಿ ಒದ್ದು ಬರುತ್ತಿದ್ದೆ, ರೈಫಲ್ ಅಲ್ಲೇ ಉಳಿಯುತ್ತಿತ್ತು. ಒಬ್ಬನನ್ನು ಕಳೆದುಕೊಂಡು ಇನ್ನೂರು ಜನರನ್ನೂ ಕಳೆದುಕೊಳ್ಳುವುದು ಬೇಡವೆಂದು ನಾಲಿಗೆ ಕಚ್ಚಿಕೊಂಡೆ. ಎಂಟು ವಾರ. ನನ್ನಂಥವಳಿಗೆ ಅದು ಎಂಥ ಶಿಕ್ಷೆ ಎಂದು ನಿನಗೆ ಗೊತ್ತು.

ನಿನ್ನ ಬಿಟ್ಟುಹೋದ ಸಾಲಿನ ಕಾಗದ ಬಂದದ್ದು ಅವನು ಹೋಗಿ ಹನ್ನೊಂದು ದಿನಕ್ಕೆ.

ಅಜ್ಜಿ


ಬಾಗ್ದಾದ್, 11 ಫೆಬ್ರವರಿ 2015

ಅಜ್ಜಿ,

ಹಮ್ಮಾದಿ ಹೊರಗೆ ಕಾಯುತ್ತಿದ್ದಾನೆ. ಅವನಿಗೆ ಮೊದಲೇ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಇಷ್ಟು ದಿನ ಬಂದು ಹೋಗಿ, ನನ್ನ ಕೈಯಿಂದ ಚಹಾ ಕುಡಿದು, ಎಲ್ಲ ಕ್ಷೇಮ ಎಂದು ಹೇಳುತ್ತಿದ್ದ.

ನಿನಗೆ ಒಂದು ವಿಷಯ ಹೇಳಬೇಕು. ಆದೇಶದಲ್ಲಿ ನಾನು ಎರಡು ವಾಕ್ಯ ಬರೆದೆ ಎಂದಿದ್ದೆನಲ್ಲ. ಒಂದು, ಶರಣಾದವರನ್ನು ಯಾರೂ ಮುಟ್ಟಬಾರದು ಎಂಬುದು. ಇನ್ನೊಂದು, ಕುಲದಿಂದ ಹೊರಹಾಕಲ್ಪಟ್ಟವರಿಗೆ ಇದು ಇಲ್ಲ ಎಂಬುದು. ಎರಡನೆಯದನ್ನು ಬರೆದುಕೊಟ್ಟರೆ ಮಾತ್ರ ಮೊದಲನೆಯದಕ್ಕೆ ಒಪ್ಪುತ್ತೇವೆ ಎಂದರು. ಸಾವಿರಾರು ಹುಡುಗರು ಬದುಕುತ್ತಾರೆ ಎಂದುಕೊಂಡೆ. ಬದುಕಿದ್ದಾರೆ ಕೂಡ. ಪತ್ರಿಕೆಯ ತುಂಡನ್ನು ನಿನಗೆ ಕಳಿಸುವಾಗ ಆ ಸಾಲು ಅದರಲ್ಲಿಲ್ಲ ಎಂದು ನನಗೆ ಗೊತ್ತಿತ್ತು. ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು ಹೇಳಲಿಲ್ಲ. ಅಷ್ಟೇ ಕಾರಣ. ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು.

ರದ್ದತಿಯ ಕಾಗದವನ್ನು ನಿನ್ನೆ ಜಗಳವಾಡಿ ತಂದೆ. ಮೊಹರು ಬಿದ್ದಿದೆ. ಹಿಂದಿನ ದಿನಾಂಕದಿಂದ ಜಾರಿಯಾಗುವಂತೆ ಬರೆಸಿದ್ದೇನೆ, ಅಂದರೆ ಗುಂಡು ಬಿದ್ದ ದಿನ ಅವನು ನಮ್ಮವನೇ. ಇದನ್ನು ದಿವಾನಖಾನೆಯಲ್ಲಿ ಓದಿಸು. ಆಮೇಲೆ ಕುಲದ ಪದ್ಧತಿ ನಡೆಯಲಿ. ಕೊಂದವನ ಮನೆಯವರೆಲ್ಲ ಊರು ಬಿಡಬೇಕು. ಅವನು, ಅವನ ಅಣ್ಣತಮ್ಮಂದಿರು, ಚಿಕ್ಕಪ್ಪನ ಮಕ್ಕಳು, ಎಲ್ಲರೂ. ನಾನೇ ಬಂದು ಅವನ ಕೈಯಿಂದ ರೈಫಲ್ ಕಿತ್ತುಕೊಳ್ಳುತ್ತೇನೆ. ಅದನ್ನು ಅವನಿಗೆ ಕೊಟ್ಟದ್ದು ನಾನು.

ಅವನನ್ನು ನಮ್ಮ ಜಾಗಕ್ಕೆ ತರೋಣ ಅಜ್ಜಿ. ಅಪ್ಪನ ಪಕ್ಕಕ್ಕೆ.

ಥಾಮಿರ್


ಸಿದ್ರಾ, 1 ಮಾರ್ಚ್ 2015

ನನ್ನ ಮಗುವೇ,

ಕಾಗದ ತಲುಪಿತು. ಮೊಹರು ಚೆನ್ನಾಗಿದೆ.

ಎರಡನೆಯ ವಾಕ್ಯ ನಿನ್ನದಾದರೆ ಹೆಬ್ಬೆಟ್ಟು ನನ್ನದು. ಮಧ್ಯಾಹ್ನ ಬಾ ಎಂದ ಬುದ್ಧಿಯೂ ನನ್ನದೇ. ಯಾರದು ಹೆಚ್ಚು ಎಂದು ತೂಗುತ್ತಾ ಕೂತರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಹೇಗೂ ಬರುತ್ತಿಲ್ಲ. ಬೇಜಾರು ಮಾಡಿಕೊಳ್ಳುತ್ತೇನೆಂದು ಮುಚ್ಚಿಟ್ಟೆಯಲ್ಲ, ಅದಕ್ಕೆ ಬೈಯಬೇಕೆಂದು ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ನಾನೂ ಅದನ್ನೇ ಮಾಡಿದ್ದೇನೆ, ಯಾವ ಬಾಯಲ್ಲಿ ಬೈಯಲಿ.

ಕಾಗದವನ್ನು ತೆಗೆದುಕೊಂಡು ದಿವಾನಖಾನೆಗೆ ಹೊರಟೆ. ಸುಳ್ಳು ಹೇಳುವುದಿಲ್ಲ, ಹೊರಟಿದ್ದೆ. ಅಕ್ಟೋಬರ್‌ನಿಂದ ನಾನು ದೇವರಲ್ಲಿ ಕೇಳಿದ್ದು ಇದೊಂದನ್ನೇ. ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಗಂಡಸರು ಅರ್ಧಕ್ಕರ್ಧ ಇರಲಿಲ್ಲ, ಕಾಲುವೆಯ ಮೇಲಿದ್ದರು. ನಲವತ್ತಾರರಲ್ಲಿ ಉಳಿದಿರುವುದು ನಲವತ್ತಮೂರು. ಅದರಲ್ಲಿ ಬರ್ಜಸ್‌ನ ಮನೆಯವರು ಹತ್ತು. ಇದನ್ನು ಓದಿದರೆ ಸೂರ್ಯ ಮುಳುಗುವುದರೊಳಗೆ ಆ ಹತ್ತು ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡಬೇಕು. ಪಂಪ್‌ಮನೆಯಲ್ಲಿ ಯಾರು ಕೂರುತ್ತಾರೆ? ನೀನಾ? ನಿನ್ನ ಸಮಿತಿಯಲ್ಲಿ ಭುಜ ತಟ್ಟಿದವನಾ? ಆಚೆ ದಡದವರಿಗೆ ಎರಡು ದಿನದಲ್ಲಿ ಸುದ್ದಿ ಮುಟ್ಟುತ್ತದೆ, ಮೂರನೆಯ ದಿನ ಅವರು ಇಲ್ಲಿರುತ್ತಾರೆ.

ತಿರುಗಿ ಬಂದೆ.

ಆಮೇಲೆ ಪಂಪ್‌ಮನೆಗೆ ಹೋದೆ. ಬರ್ಜಸ್ ಒಬ್ಬನೇ ಕೂತು ಹೊಸ ರೈಫಲ್ ಒರೆಸುತ್ತಿದ್ದ. ನನ್ನನ್ನು ನೋಡಿ ಎದ್ದ. ಕಾಗದವನ್ನು ಅವನ ಕೈಗೆ ಕೊಟ್ಟೆ. ಅವನಿಗೆ ಓದಲು ಬರುತ್ತದೆ, ನಿನ್ನ ಜೊತೆಯಲ್ಲೇ ಕಲಿತವನು. ಓದಿದ.

"ಯಾವಾಗ ಓದಿಸ್ತೀಯಾ ಅಜ್ಜಿ?" ಎಂದ.

"ಅದು ನನ್ನ ಪೆಟ್ಟಿಗೇಲಿರುತ್ತೆ. ನೀನು ಹೊಳೆ ನೋಡ್ಕೋ."

"ಅಮ್ಮನಿಗೆ ಹೇಳ್ಲಾ?"

"ಹೇಳು. ಗಂಟು ಮೂಟೆ ಕಟ್ಕೊಂಡೇ ಇರ್ಲಿ."

ಅವನು ಕಾಗದವನ್ನು ಎರಡು ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟ. ಹರಿಯಬಹುದಿತ್ತು. ಅಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ, ಕೆಳಗೆ ಹೊಳೆ ಹರಿಯುತ್ತಿತ್ತು. ಹರಿಯಲಿಲ್ಲ. ಅದಕ್ಕಾಗಿ ಅವನನ್ನು ಇನ್ನಷ್ಟು ದ್ವೇಷಿಸುತ್ತೇನೆ.

ತುರ್ಫಾ ದಿನಾ ಬಂದು ನನ್ನ ಹೊಸ್ತಿಲ ಮೇಲೆ ಕೂರುತ್ತಾಳೆ. ನಾನು ರೊಟ್ಟಿ ಬಡಿಯುತ್ತೇನೆ, ಅವಳು ಒಲೆಯ ಒಳಗೋಡೆಗೆ ಅಂಟಿಸುತ್ತಾಳೆ. ಬೆಂದದ್ದರಲ್ಲಿ ಅರ್ಧ ಅವಳ ಮಗನಿಗೆ ಹೋಗುತ್ತದೆ. ಇದನ್ನು ನಿನ್ನ ಸರ್ಕಾರದವರಿಗೆ ಹೇಳು, ಎಲ್ಲರನ್ನೂ ಸೇರಿಸಿಕೊಳ್ಳುವುದು ಎಂದರೆ ಹೇಗಿರುತ್ತದೆ ಎಂದು ಅವರಿಗೂ ತಿಳಿಯಲಿ. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ನುಂಗಬೇಕು.

ಆಚೆ ದಡ ಖಾಲಿಯಾದ ದಿನ ಆ ಕಾಗದ ಓದಿಸಬೇಕು. ನಾನಿದ್ದರೆ ನಾನು, ಇಲ್ಲವಾದರೆ ನೀನು. ಅವತ್ತು ಅವರು ಹೊರಡಲಿ, ಮುನೀಫ್ ಅಪ್ಪನ ಪಕ್ಕಕ್ಕೆ ಬರಲಿ. ಅಲ್ಲಿಯವರೆಗೆ ಅವನು ಯಾರವನೂ ಅಲ್ಲ. ಇಪ್ಪತ್ತಾರು ವರ್ಷ ನನ್ನವನಾಗಿದ್ದ.

ನೀನು ಬರುತ್ತೇನೆಂದು ಬರೆದಿದ್ದೀಯ. ಈಗ ಬರಬೇಡ. ನಿನ್ನದೂ ಅವನದೂ ಒಂದೇ ಮುಖ, ಹುಬ್ಬಿನಿಂದ ಗದ್ದದವರೆಗೆ. ಆ ಮುಖ ಈ ಬಾಗಿಲಲ್ಲಿ ಕಂಡರೆ ನನ್ನಿಂದ ತಡೆಯಲಾಗುವುದಿಲ್ಲ. ಪೆಟ್ಟಿಗೆ ತೆಗೆದು, ಓದಿಸಿಯೇಬಿಡುತ್ತೇನೆ.

ನಿನ್ನ ಅಜ್ಜಿ,
ನೌಫಾ